ಮೂಡಲಗಿಯ ಕೋಣೆಗೆ ಕಿಟಕಿಯಿಲ್ಲ

ಆ ಸ್ಕ್ರೂ ಬಿಗಿ ಮಾಡಿದ್ದು ನನಗೆ ಚೆನ್ನಾಗಿ ನೆನಪಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ನೆನಪಿನಲ್ಲಿ ನಾನು ನಿಂತಿದ್ದೇನೆ. ಬಲಗೈಯಲ್ಲಿ ಸ್ಕ್ರೂ ತಿರುಗಿಸುವ ಅಲೆನ್ ಕೀ ಇದೆ, ಎಡಗೈ ಮೈಕ್ರೋಸ್ಕೋಪಿನ ತೋಳಿನ ಕೆಳಗಿದೆ. ಕೀ ಕೊನೆಯ ಸಲ ತಿರುಗಿ, ಇನ್ನು ಸಾಧ್ಯವಿಲ್ಲ ಎಂದು ನಿಂತಾಗ ಬೆರಳುಗಳಿಗೆ ಗೊತ್ತಾಗುವ ಆ ಗಟ್ಟಿತನವೂ ನೆನಪಿದೆ. ಎಡಗಡೆಯ ಕಿಟಕಿಯಿಂದ ಬೆಳಕು ಬೀಳುತ್ತಿದೆ. ಹೊರಗೊಂದು ಬೇವಿನ ಗಿಡ. ಅದರ ನೆರಳು ತೋಳಿನ ಬಿಳಿ ಬಣ್ಣದ ಮೇಲೆ ಆಚೀಚೆ ಸರಿದಾಡುತ್ತಿದೆ. ಯಾರಾದರೂ ಕೋರ್ಟಿನಲ್ಲಿ ನಿಲ್ಲಿಸಿ ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ. ಹೇಳುವಾಗ ತೊದಲುತ್ತಲೂ ಇರಲಿಲ್ಲ.

ಆಸ್ಪತ್ರೆಗಳಲ್ಲಿ ಆಪರೇಷನ್ ಮಾಡಲು ಬಳಸುವ ಮೈಕ್ರೋಸ್ಕೋಪುಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಧಾರವಾಡದಲ್ಲಿ ಓದಿ, ಕೆಲವು ವರ್ಷ ಊರೂರು ಅಲೆದು, ಈಗ ಸಂಕೇಶ್ವರದಲ್ಲಿ ಮನೆ ಮಾಡಿದ್ದೇನೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸಣ್ಣ ಕಣ್ಣಿನ ಆಸ್ಪತ್ರೆಗಳೇ ನನ್ನ ಗಿರಾಕಿಗಳು. ಮಳೆಗಾಲ ಕಳೆದ ಮೇಲೆ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು ಹಿಡಿದಿರುತ್ತದೆ. ಬಲ್ಬು ಸುಟ್ಟಿರುತ್ತದೆ, ಇಲಿ ಕಾಲಿನ ಪೆಡಲಿನ ವೈರು ಕಡಿದಿರುತ್ತದೆ. ಫೋನು ಬರುತ್ತದೆ, ಬೈಕು ಹತ್ತುತ್ತೇನೆ. ಎಲ್ಲ ಕಡೆಯೂ ನನ್ನನ್ನು 'ಮಷೀನ್ ಸರ್' ಎನ್ನುತ್ತಾರೆ.

ಈ ಯಂತ್ರದ ಬಗ್ಗೆ ಸ್ವಲ್ಪ ಹೇಳಬೇಕು. ಒಂದು ಕಂಬ, ಕಂಬದಿಂದ ಚಾಚಿದ ಒಂದು ತೋಳು, ತೋಳಿನ ತುದಿಯಲ್ಲಿ ನೇತಾಡುವ ಭಾರವಾದ ತಲೆ. ಲೆನ್ಸುಗಳಿರುವುದು ಆ ತಲೆಯಲ್ಲಿ. ರೋಗಿಯ ಕಣ್ಣಿಗೂ ಅದಕ್ಕೂ ನಡುವೆ ಒಂದು ಗೇಣಿನಷ್ಟು ಜಾಗ. ಆ ಗೇಣಿನೊಳಗೇ ಡಾಕ್ಟರ ಕೈಗಳು ಕೆಲಸ ಮಾಡುತ್ತವೆ. ತಲೆ ಕೆಳಗಿಳಿಯದಂತೆ ತೋಳಿನೊಳಗೆ ಒಂದು ಗ್ಯಾಸ್ ಸ್ಪ್ರಿಂಗ್ ಎತ್ತಿ ಹಿಡಿದಿರುತ್ತದೆ. ಅದು ಸೋತರೂ ಇರಲಿ ಎಂದು ಒಂದು ತಡೆ ಸ್ಕ್ರೂ ಇರುತ್ತದೆ. ತೋಳು ಅದಕ್ಕೆ ಬಂದು ಆನಿದರೆ ಮುಂದೆ ಇಳಿಯುವುದಿಲ್ಲ. ಸ್ಪ್ರಿಂಗ್ ಬದಲಿಸುವಾಗ ಆ ಸ್ಕ್ರೂ ಬಿಚ್ಚಲೇಬೇಕು, ಕೆಲಸ ಮುಗಿದ ಮೇಲೆ ಮೊದಲು ಬೆರಳಿನಿಂದ ತಿರುಗಿಸಿ ಕೂರಿಸಬೇಕು, ಆಮೇಲೆ ಕೀ ಹಾಕಿ ಬಿಗಿ ಮಾಡಬೇಕು. ಹೊಸ ಸ್ಪ್ರಿಂಗ್ ಮೊದಮೊದಲು ಸ್ವಲ್ಪ ಸಡಿಲುತ್ತದೆ. ಆ ದಿನಗಳಲ್ಲಿ ಈ ಸ್ಕ್ರೂ ಒಂದನ್ನೇ ನಂಬಿಕೊಂಡಿರಬೇಕು.

ಮೂರೂ ಊರಿನ ಮೂರು ಆಸ್ಪತ್ರೆಗಳಲ್ಲಿ ಒಂದೇ ಮಾದರಿಯ ಯಂತ್ರವಿತ್ತು. ಒಂದೇ ಕಾಲಕ್ಕೆ ಕೊಂಡವು, ಒಂದೇ ಕಾಲಕ್ಕೆ ಸೋತವು. ಈ ಸಲ ದಸರೆಯ ಹೊತ್ತಿಗೆ ಮೂರಕ್ಕೂ ಸ್ಪ್ರಿಂಗ್ ಬದಲಿಸಿದೆ. ಮೊದಲು ಹುಕ್ಕೇರಿ, ಆಮೇಲೆ ಗೋಕಾಕ, ಕೊನೆಗೆ ಆಯುಧಪೂಜೆಯ ದಿನ, ಖಂಡೇನವಮಿಗೆ, ಮೂಡಲಗಿ.

ಹಬ್ಬದ ದಿನ ಕೆಲಸ ಬೇಡವೆಂದಿದ್ದೆ. ಮೂಡಲಗಿಯ ಡಾಕ್ಟರ್ ಮೇಡಂ ಕೇಳಲಿಲ್ಲ. "ದಸರಾ ಮರುದಿನ ಒಂದು ಕೇಸ್ ಐತ್ರಿ, ಒಂದ ಕಣ್ಣಿನವರದು. ಯಂತ್ರ ಹಿಂಗ ಜೋಲಿ ಹೊಡದ್ರ ನಾನು ಮುಟ್ಟೂದಿಲ್ಲ," ಎಂದರು. ಹೀಗಾಗಿ ಹೋದೆ.

ಆ ಒಂದು ಕಣ್ಣಿನವರು ಅವತ್ತೇ ಆಸ್ಪತ್ರೆಯಲ್ಲಿದ್ದರು. ರಕ್ತ, ಬಿಪಿ ತೋರಿಸಲು ಬಂದಿದ್ದ ಅಜ್ಜಿ. ಕುರಿ ಕಾಯುವ ಮನೆತನ. ಸಣ್ಣವಳಿದ್ದಾಗ ಜಾಲಿಮುಳ್ಳು ಬಡಿದು ಒಂದು ಕಣ್ಣು ಹೋಗಿತ್ತು. ಉಳಿದ ಕಣ್ಣಿಗೆ ಈಗ ಪೊರೆ ಬಂದಿತ್ತು. ನಾನು ತೋಳು ಬಿಚ್ಚಿಟ್ಟುಕೊಂಡು ಕೂತಿದ್ದಾಗ ಓಟಿಯ, ಅಂದರೆ ಆಪರೇಷನ್ ಕೋಣೆಯ, ಬಾಗಿಲಲ್ಲಿ ನಿಂತು, ಕತ್ತು ಓರೆ ಮಾಡಿ, ಯಂತ್ರ ಇರುವ ದಿಕ್ಕಿಗೆ ಮುಖ ತಿರುಗಿಸಿದರು.

"ತಮ್ಮಾ, ಇದನ್ನ ಏನು ನನ್ನ ಕಣ್ಣಿನ ಮ್ಯಾಲ ತರೂದು?"

"ಹೌದ್ರಿ ಅಜ್ಜಿ. ನಾಡದ ಇದರ ಕೆಳಗ ಮಲಗ್ತೀರಿ."

"ಇಷ್ಟ ದೊಡ್ಡದೈತಿ! ನಂದು ಒಂದ ಕಣ್ಣು ಐತಪಾ. ಎರಡ ಇದ್ದವ್ರಿಗಿ ಮಾಡಿದಂಗ ಮಾಡಬ್ಯಾಡ್ರಿ ಮತ್ತ."

ಪೂಜೆಗೆ ಕತ್ತರಿ, ಚಿಮಟಗಳನ್ನು ಜೋಡಿಸುತ್ತಿದ್ದ ಸಿಸ್ಟರ್ ನಕ್ಕರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ನಾನು ಅವರನ್ನು ಅಕ್ಕಾ ಎನ್ನುತ್ತೇನೆ. "ಎರಡ ಇದ್ದವ್ರಿಗೂ ಒಂದೊಂದ ಮಾಡೂದು ಅಜ್ಜಿ. ಚಿಂತಿ ಬಿಡ್ರಿ."

"ನಿನಗೇನವಾ, ಎರಡೂ ಅದಾವು, ಚಿಂತಿ ಬಿಡ್ರಿ ಅಂತಿ."

ಮಾತಿಗೆ ಮಾತು ಬರಲಿ ಎಂದು ಕುರಿ ಎಷ್ಟಿವೆ ಎಂದು ಕೇಳಿದೆ. ಅಜ್ಜಿ ಕೈ ಅಲ್ಲಾಡಿಸಿದರು. "ನಾ ಎಣಸೂದಿಲ್ಲಪಾ. ಕಣ್ಣು ಚೊಲೋ ಇದ್ದಾಗ ಸಂಜಿಕಿ ಹಟ್ಟಿಗಿ ಬರೂ ಮುಂದ ಮಾರಿ ನೋಡತಿದ್ದೆ. ಯಾವದು ಬಂದಿಲ್ಲ ಅನ್ನೂದು ತಾನ ತಿಳೀತಿತ್ತು. ಈಗ ಸೊಸಿ ಎಣಸತಾಳು. ಎಣಿಕಿ ಬರೋಬ್ಬರಿ ಬರತೈತಿ. ಖರೆ ಅದರಾಗ ಒಂದು ಮಂದಿ ಕುರಿ ಇರತೈತಿ, ನಮ್ಮದು ಮಂದಿ ಹಿಂಡಿನ್ಯಾಗ ಇರತೈತಿ!"

ಬಾಗಿಲಾಚೆ ನಿಂತಿದ್ದ ಮಗ, "ಅವ್ವಾ, ಸಾಕ ಬಿಡು, ಸೊಸಿನ್ನ ಇಲ್ಲಿಗೂ ತಂದ್ಯಾ," ಎಂದ.

"ದೀಪಾವಳಿ ಆದಮ್ಯಾಲ ಕುರಿ ಮೇಯಾಕ ದೂರದ ಊರಿಗಿ ಹೊಂಡತಾವು ತಮ್ಮಾ," ಅಜ್ಜಿ ನನಗೇ ಹೇಳಿದರು. "ಕಣ್ಣು ಬಂದ್ರ ನಾನೂ ಹೊಂಟೆ. ಬರದಿದ್ರ ಮನ್ಯಾಗ ಕುಂದ್ರಸ್ತಾರ. ಮನ್ಯಾಗ ಕುಂತ ನಾ ಏನ ಮಾಡ್ಲಿ, ಗ್ವಾಡಿ ಕಾಯಲ್ಯಾ?"

ಆಮೇಲೆ ಪೂಜೆ. ಇಲ್ಲಿಂದ ಮುಂದಿನದನ್ನು ನಾನು ನೆನಪಿನಿಂದ ಬರೆಯುತ್ತಿದ್ದೇನೆ. ಆ ನೆನಪನ್ನು ನಾನು ನಂಬುವುದಿಲ್ಲ ಎಂಬುದನ್ನೂ ಇಲ್ಲೇ ಬರೆದಿಡುತ್ತೇನೆ. ಸ್ಪ್ರಿಂಗ್ ಕೂರಿಸಿ ಆಗಿತ್ತು. ಸ್ಕ್ರೂ ಬೆರಳಿನಿಂದ ತಿರುಗಿಸಿದ್ದೆ. ಸಿಸ್ಟರ್ ಬಂದು, "ಮಷೀನ್ ಸರ್, ನಿಮ್ಮ ಹತ್ಯಾರಾನೂ ಕೊಡ್ರಿ, ಪೂಜಿಗಿ ಇಡೂನು," ಎಂದರು. "ಇನ್ನೊಂದು ಸ್ವಲ್ಪ ಕೆಲಸ ಐತ್ರಿ ಅಕ್ಕಾ," ಎಂದೆ. "ಪೂಜಿ ಆದಮ್ಯಾಲ ಮಾಡ್ರಿ," ಎಂದು ಕೀಗಳ ಕಟ್ಟನ್ನು ಎತ್ತಿಕೊಂಡೇ ಹೋದರು. ಮಣೆಯ ಮೇಲೆ ಕತ್ತರಿ, ಚಿಮಟ, ಬಿಪಿ ನೋಡುವ ಯಂತ್ರ, ನನ್ನ ಕೀಗಳು. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು. ಮೈಕ್ರೋಸ್ಕೋಪಿನ ಕಂಬಕ್ಕೂ ಮೂರು ಬೆರಳಿನ ವಿಭೂತಿ. ಕರ್ಪೂರವನ್ನು ಮಾತ್ರ ನಾನು ಹೊರಗೆ ಹಚ್ಚಿಸಿದೆ, ಹೊಗೆ ಲೆನ್ಸಿಗೆ ಕೂರಬಾರದೆಂದು. ಇದು ಖಚಿತ, ಏಕೆಂದರೆ ಸಿಸ್ಟರ್ ಇವತ್ತಿಗೂ ಅದಕ್ಕೆ ನನ್ನನ್ನು ಬೈಯುತ್ತಾರೆ. ನಂತರ ಚುರುಮುರಿ, ಪೇಢಾ, ಚಹಾ. ಆಮೇಲೆ ನಾನು ಓಟಿಗೆ ಮರಳಿ ಹೋಗಿ ಸ್ಕ್ರೂ ಬಿಗಿ ಮಾಡಿದೆ. ಕಿಟಕಿ, ಬೇವು, ನೆರಳು.

ಮರುದಿನ ದಸರಾ. ಸಂಕೇಶ್ವರದಲ್ಲಿ ಸಂಜೆ ಓಣಿಯೆಲ್ಲ ತಿರುಗಿ ಬನ್ನಿ ಕೊಟ್ಟು ಬಂದೆವು. "ಬನ್ನಿ ತಗೊಂಡು ಬಂಗಾರದಂಗ ಇರೂನು" ಎಂದು ಹಿರಿಯರ ಕಾಲು ಮುಟ್ಟಿದೆವು. ಜೇಬಿನಲ್ಲಿ ಬನ್ನಿ ಎಲೆ ಇಟ್ಟುಕೊಂಡೇ ಮಲಗಿದೆ.

ಅದರ ಮರುದಿನ ಬೆಳಿಗ್ಗೆ ಕಣಗಲಾದ ಕಡೆ ಒಂದು ಸಣ್ಣ ಕೆಲಸವಿತ್ತು. ಚೀಲ ಸರಿಮಾಡಲು ಕೀಗಳ ಕಟ್ಟು ಹೊರತೆಗೆದೆ. ಸ್ಕ್ರೂಗೆ ಬೇಕಾಗುವ ಆ ಸಣ್ಣ ಕೀಯ ಮೇಲೆ ಕುಂಕುಮ ಒಣಗಿ ಕೂತಿತ್ತು. ಎಲ್ಲೂ ಒರೆಸಿರಲಿಲ್ಲ, ಬೆರಳು ತಾಗಿದ ಗುರುತಿರಲಿಲ್ಲ. ಚೆಂಡು ಹೂವಿನ ಒಂದು ಎಸಳು ಕೂಡ ಅಂಟಿಕೊಂಡಿತ್ತು.

ಪೂಜೆಯ ನಂತರ ಈ ಕೀಯನ್ನು ಹಿಡಿದು ತಿರುಗಿಸಿದ್ದರೆ ಕುಂಕುಮ ನನ್ನ ಬೆರಳಿಗೆ ಬರಬೇಕಿತ್ತು.

ಹೆಂಡತಿಯನ್ನು ಕೂಗಿದೆ. "ಇದಕ್ಕ ಕುಂಕುಮ ನೀ ಹಚ್ಚಿದ್ದೇನು?"

"ಮನ್ಯಾಗ ಪೂಜಿ ಮಾಡಿದ್ವಲ್ಲರೀ ಅವತ್ತ ಸಂಜಿಕಿ. ಎಲ್ಲಾದಕ್ಕೂ ಹಚ್ಚೇನಿ."

"ಅದರ ಮ್ಯಾಲ ಮೊದಲ ಇತ್ತೋ ಇಲ್ಲೋ?"

"ಇದ್ದದ್ದರ ಮ್ಯಾಲ ಹಚ್ಚೇನೋ, ಹೊಸದಾಗಿ ಹಚ್ಚೇನೋ, ಅದನ್ನ್ಯಾರ ನೆನಪ ಇಡತಾರ? ಏನಾತು ಈಗ?"

ಅಂದರೆ ಕುಂಕುಮ ಸಾಕ್ಷಿಯಲ್ಲ. ಸಮಾಧಾನವಾಗಬೇಕಿತ್ತು. ಹೋಗಲಿ, ನನಗೆ ನೆನಪಿದೆಯಲ್ಲ ಎಂದುಕೊಂಡೆ. ಆ ದೃಶ್ಯವನ್ನು ಮತ್ತೆ ಕಣ್ಣ ಮುಂದೆ ತಂದುಕೊಂಡೆ. ಕೀ, ತೋಳು, ಎಡಗಡೆಯ ಕಿಟಕಿ, ಹೊರಗೆ ಬೇವಿನ ಗಿಡ.

ಮೂಡಲಗಿಯ ಓಟಿಗೆ ಕಿಟಕಿಯಿಲ್ಲ. ಧೂಳು ಬರುತ್ತದೆಂದು ಅದನ್ನು ಮೊದಲಿನಿಂದಲೂ ನಾಲ್ಕು ಗೋಡೆಯಾಗಿಯೇ ಕಟ್ಟಿದ್ದಾರೆ. ಹಗಲಲ್ಲೂ ಲೈಟು ಬೇಕು. ಬೇವಿನ ಗಿಡ ಇರುವುದು ಗೋಕಾಕದ ಆಸ್ಪತ್ರೆಯಲ್ಲಿ.

ಎಣಿಕೆ ಸರಿಯಾಗಿತ್ತು. ಮೂರು ಆಸ್ಪತ್ರೆ, ಮೂರು ನೆನಪು. ಆದರೆ ಮೂಡಲಗಿಯದೆಂದು ನಾನು ಹಟ್ಟಿಗೆ ಸೇರಿಸಿಕೊಂಡಿದ್ದ ನೆನಪು ಗೋಕಾಕದ್ದಾಗಿತ್ತು. ಹಾಗಾದರೆ ಮೂಡಲಗಿಯದು ಎಲ್ಲಿ? ಹುಡುಕಿದೆ. ಬೆರಳಿನಿಂದ ತಿರುಗಿಸಿದ್ದು ಇತ್ತು, ಸಿಸ್ಟರ್ ಕೀ ಒಯ್ದದ್ದು ಇತ್ತು, ಚುರುಮುರಿ ಇತ್ತು. ಮರಳಿ ಓಟಿಗೆ ಹೋದದ್ದು ಮಾತ್ರ ಎಲ್ಲೂ ಸಿಗಲಿಲ್ಲ.

ನಾನು ಪ್ರತಿದಿನ ದಿನಚರಿ ಬರೆಯುವವನು. ಖಂಡೇನವಮಿಯ ಪುಟದಲ್ಲಿ ಕುರಿ ಅಜ್ಜಿಯ ಮಾತುಗಳನ್ನೆಲ್ಲ ಬರೆದಿದ್ದೆ. ಸ್ಕ್ರೂ ಬಗ್ಗೆ ಒಂದು ಅಕ್ಷರವಿರಲಿಲ್ಲ. ಬರೆಯುವವರ ಹಣೆಬರಹ ಇಷ್ಟೇ.

ಮೇಡಂಗೆ ಫೋನು ಮಾಡಿದೆ. ರಿಂಗಾಗಿ ನಿಂತಿತು. ಓಟಿಗೆ ಹೋಗುವಾಗ ಅವರು ಫೋನನ್ನು ಹೊರಗಿನ ಕೋಣೆಯಲ್ಲಿ ಬಿಟ್ಟು ಹೋಗುತ್ತಾರೆ. ಸಿಸ್ಟರ್ ಕೂಡ ಹಾಗೆಯೇ. ಆಸ್ಪತ್ರೆಯ ಫೋನನ್ನು ಯಾರೂ ಎತ್ತಲಿಲ್ಲ. ಅಂದರೆ ಆ ದಿನದ ಆಪರೇಷನ್ನುಗಳು ಶುರುವಾಗಿವೆ, ಅಜ್ಜಿಯ ಸರದಿ ಬಂದಿದೆಯೋ ಇಲ್ಲವೋ ಗೊತ್ತಿಲ್ಲ. ಬೈಕು ಹತ್ತಿದೆ. "ಕಣಗಲಾ ಆ ಕಡೆ ಅಲ್ಲೇನು?" ಎಂದು ಹೆಂಡತಿ ಕೂಗಿದ್ದು ಕೇಳಿಸಿತು.

ಹುಕ್ಕೇರಿಯ ಆಸ್ಪತ್ರೆಯ ಮುಂದೆಯೇ ಹಾದೆ. ತಿರುಗಿಯೂ ನೋಡಲಿಲ್ಲ. ಬೆಲ್ಲದ ಬಾಗೇವಾಡಿಯ ಹತ್ತಿರ ಅರ್ಧ ರಸ್ತೆಗೆ ಗೋವಿನಜೋಳ ಒಣಹಾಕಿ, ಸುತ್ತ ಕಲ್ಲು ಸಾಲಾಗಿ ಇಟ್ಟಿದ್ದರು. ಎದುರಿಗೆ ಬಂದ ಟ್ರ್ಯಾಕ್ಟರಿಗೆ ಜಾಗ ಕೊಡಲು ಹೋಗಿ ನನ್ನ ಬೈಕು ಜೋಳದ ಮೇಲೆ ಹತ್ತಿತು. "ಕಣ್ಣ ಕಾಣೂದಿಲ್ಲೇನಲೇ!" ಎಂದು ಒಬ್ಬ ಹೆಣ್ಣುಮಗಳು ಕಸಬರಿಗೆ ಎತ್ತಿದಳು. ಟ್ರ್ಯಾಕ್ಟರಿನ ಮೂತಿಗೆ ಹಬ್ಬದ ಹಾರ ಒಣಗಿ ಜೋತುಬಿದ್ದಿತ್ತು. ನಾನು ಎರಡು ಸಲ ನಿಂತು ಮತ್ತೆ ಫೋನು ಮಾಡಿದೆ. ಎರಡು ಸಲವೋ ಹೆಚ್ಚೋ.

ದಾರಿಯುದ್ದಕ್ಕೂ ನನ್ನೊಡನೆ ನಾನೇ ವಾದ ಮಾಡುತ್ತಿದ್ದೆ. ಬೆರಳಿನಿಂದ ತಿರುಗಿಸಿದ ಸ್ಕ್ರೂ ತಕ್ಷಣ ಬಿಚ್ಚಿಕೊಳ್ಳುವುದಿಲ್ಲ. ಸರಿ. ಆದರೆ ಮೇಡಂ ಆಪರೇಷನ್ನಿಗೆ ಮುಂಚೆ ತಲೆಯನ್ನು ಮೇಲೆ ಕೆಳಗೆ ಎಳೆದಾಡುತ್ತಾರೆ. ಪ್ರತಿ ಎಳೆತಕ್ಕೂ ಅದು ಸ್ವಲ್ಪ ಸಡಿಲಬಹುದು. ಸಡಿಲಿದರೂ ಸ್ಪ್ರಿಂಗ್ ಹಿಡಿಯುತ್ತದೆ. ಸ್ಪ್ರಿಂಗ್ ಹೊಸದು, ಅದೂ ಸಡಿಲುವ ದಿನಗಳೇ. ತಲೆ ಧಡ್ಡೆಂದು ಬೀಳುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ. ನಿಧಾನಕ್ಕೆ ಇಳಿದು ಡಾಕ್ಟರ ಕೈಗೆ ತಾಗುತ್ತದೆ. ಆ ಕೈಯಲ್ಲಿರುವ ಸೂಜಿಯ ಮೊನೆ ಆ ಹೊತ್ತಿಗೆ ಕಣ್ಣಿನೊಳಗಿರುತ್ತದೆ. ನಂದು ಒಂದ ಕಣ್ಣು ಐತಪಾ.

ಮೂಡಲಗಿಯ ಆಸ್ಪತ್ರೆಯ ಬೆಂಚಿನ ಮೇಲೆ ಅಜ್ಜಿಯ ಮಗ ಕಂಬಳಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಒಳಗ ಹೋದ್ರೇನು?"

"ಆಗಳೇ ಹೋದ್ರಲ್ರಿ." ಅವನು ಎದ್ದುನಿಂತ. "ಯಾಕ್ರಿ? ನೀವು ಯಾಕ ಓಡಿ ಬಂದ್ರಿ?"

"ಏನಿಲ್ಲ, ಕೂಡ್ರಿ."

ಅವನು ಕೂರಲಿಲ್ಲ.

ಚಪ್ಪಲಿ ಬಿಟ್ಟು, ಗೌನು, ಟೊಪ್ಪಿಗೆ, ಮಾಸ್ಕು ಹಾಕಿಕೊಂಡು ಓಟಿಯ ಬಾಗಿಲನ್ನು ಭುಜದಿಂದ ತಳ್ಳಿದೆ. ಮೇಡಂ ಅಜ್ಜಿಯ ತಲೆಯ ಬಳಿ ಸ್ಟೂಲಿನ ಮೇಲೆ ಕೂತು, ಎರಡೂ ಕಣ್ಣನ್ನು ಯಂತ್ರಕ್ಕೆ ಕೊಟ್ಟಿದ್ದರು. ಕೈಗಳು ಹಸಿರು ಬಟ್ಟೆಯ ಮೇಲೆ ಊರಿದ್ದವು, ಬೆರಳು ಮಾತ್ರ ಚಲಿಸುತ್ತಿದ್ದವು. ಬಟ್ಟೆಯ ನಡುವಿನ ತೂತಿನಲ್ಲಿ ಅಜ್ಜಿಯ ಕಣ್ಣು ಬೆಳಕು ತುಂಬಿಕೊಂಡು ಹೊಳೆಯುತ್ತಿತ್ತು. ಸಿಸ್ಟರ್ ನನ್ನನ್ನು ನೋಡಿ ಹುಬ್ಬೇರಿಸಿದರು.

ನಾನು ಬಾಯಿ ತೆರೆದೆ, ಮುಚ್ಚಿದೆ. ಅಜ್ಜಿಗೆ ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸಿದ್ದರು. ಅವರು ಎಚ್ಚರವಾಗಿದ್ದರು. ಸ್ಕ್ರೂ ಸಡಿಲ ಇರಬಹುದು ಎಂದು ನಾನು ಹೇಳಿದರೆ ಮೊದಲು ಕೇಳಿಸಿಕೊಳ್ಳುವವರು ಅವರೇ. ತಲೆ ಎತ್ತಿದರೆ? ಇಂಗ್ಲಿಷಿನಲ್ಲಿ ಹೇಳಬಹುದಿತ್ತು. ಆಗ ಅದು ಹೊಳೆಯಲೇ ಇಲ್ಲ. ಈಗ ಕೂತು ಬರೆಯುವಾಗ ಹೊಳೆಯುತ್ತದೆ. ನನ್ನನ್ನು ತಡೆದದ್ದು ಅಜ್ಜಿಯ ಮೇಲಿನ ಕಾಳಜಿಯೋ, ಹೇಳಿಬಿಟ್ಟರೆ ಮುಂದೆ ಈ ಬಾಗಿಲೊಳಗೆ ಯಾರೂ ಕರೆಯುವುದಿಲ್ಲ ಎಂಬ ಹೆದರಿಕೆಯೋ, ಗೊತ್ತಿಲ್ಲ. ಎರಡೂ ಇದ್ದಿರಬೇಕು. ಯಾವುದು ಎಷ್ಟಿತ್ತು ಎಂದು ಅಳೆಯಲು ಹೋದರೆ ಮತ್ತೊಂದು ಸುಳ್ಳು ನೆನಪು ಹುಟ್ಟುತ್ತದೆ.

ಮೇಡಂ ತಲೆ ಎತ್ತದೆ ಕೇಳಿದರು. "ಯಾರ ಅದು?"

"ಮಷೀನ್ ಸರ್ ರೀ," ಎಂದರು ಸಿಸ್ಟರ್.

"ಹೂಂ. ಮಾತಾಡಬ್ಯಾಡ್ರಿ. ಅಜ್ಜಿ, ಬೆಳಕ ನೋಡ್ರಿ, ಬೆಳಕಿನ ಕಡೇನ ನೋಡ್ರಿ."

"ನೋಡಾಕತ್ತೇನ್ರಿ ಬಾಯಾರ. ಅದನ್ನ ಬಿಟ್ಟ ಬ್ಯಾರೆ ಏನೈತಿ ನೋಡಾಕ!"

ನಾನು ಗೋಡೆಯನ್ನು ಸವರಿಕೊಂಡು ಕಂಬದ ಹಿಂದೆ ಬಂದೆ. ತೋಳಿನ ಕೀಲಿನ ಕೆಳಗೆ ಬಲ ಅಂಗೈ ಚಾಚಿದೆ. ಮುಟ್ಟುವಂತಿರಲಿಲ್ಲ. ಈ ಯಂತ್ರದಲ್ಲಿ ಕಣ್ಣು ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತದೆ. ನನ್ನ ನಾಡಿ ಬಡಿತ ತೋಳಿಗೆ ತಾಗಿದರೂ ಸಾಕು, ಮೇಡಂ ನೋಡುವ ಚಿತ್ರ ಕುಣಿಯುತ್ತದೆ. ಆದ್ದರಿಂದ ಅಂಗೈಗೂ ಲೋಹಕ್ಕೂ ನಡುವೆ ಒಂದು ಕಾಗದ ಹೋಗುವಷ್ಟು ಸಂದು ಬಿಟ್ಟು ನಿಂತೆ. ಇಳಿದರೆ ನನ್ನ ಕೈ ಮೇಲೆ ಇಳಿಯಲಿ.

ಓಡಿ ಬಂದ ಉಸಿರು ಇನ್ನೂ ತಗ್ಗಿರಲಿಲ್ಲ. ಮಾಸ್ಕಿನೊಳಗೆ ಅದು ನನಗೇ ಕೇಳಿಸುತ್ತಿತ್ತು. ಭುಜ ಮೊದಲು ಬಿಸಿಯಾಯಿತು, ಆಮೇಲೆ ಜೋಮು ಹಿಡಿಯಿತು. ತಡೆ ಸ್ಕ್ರೂ ನನ್ನ ಕಣ್ಣೆದುರೇ ಇತ್ತು, ಅದರ ಮೇಲೊಂದು ಕಪ್ಪು ಮುಚ್ಚಳ. ಅದನ್ನು ತೆಗೆದು ನೋಡುವಂತಿಲ್ಲ. ಅಷ್ಟು ಹತ್ತಿರವಿದ್ದೂ ಅದು ಬಿಗಿಯೋ ಸಡಿಲೋ ಎಂದು ನನಗೆ ಗೊತ್ತಾಗುತ್ತಿರಲಿಲ್ಲ.

ಯಾವುದೋ ಒಂದು ಗಳಿಗೆಯಲ್ಲಿ ತಣ್ಣನೆಯ ಲೋಹ ಅಂಗೈಗೆ ತಾಗಿತು.

ತೋಳು ಇಳಿಯಿತೋ, ನನ್ನ ಕೈ ಏರಿತೋ? ಕೈಯನ್ನು ಕೆಳಗಿಳಿಸುವ ಧೈರ್ಯವಾಗಲಿಲ್ಲ, ಏಕೆಂದರೆ ಇಳಿಸಿದರೆ ತೋಳೂ ಹಿಂದೆಯೇ ಬರಬಹುದು. ಅದೇ ಹೊತ್ತಿಗೆ ಮೇಡಂ, "ಸ್ವಲ್ಪ ಮಸಕಾತಲ್ಲ," ಎಂದು ತಮ್ಮಷ್ಟಕ್ಕೆ ಅಂದುಕೊಂಡು ಕಾಲಿನ ಪೆಡಲು ಒತ್ತಿ ಫೋಕಸ್ ಸರಿಮಾಡಿಕೊಂಡರು. ಮಸಕಾದದ್ದು ತಲೆ ಇಳಿದದ್ದರಿಂದಲೋ, ಅಜ್ಜಿಯ ಕಣ್ಣು ಹೊರಳಿದ್ದರಿಂದಲೋ, ನನ್ನ ಅಂಗೈ ತೋಳನ್ನು ಮೇಲೆ ದೂಡಿದ್ದರಿಂದಲೋ? ಯಾವುದೆಂದು ಇವತ್ತಿಗೂ ಗೊತ್ತಿಲ್ಲ. ಮೂರನೆಯದಾಗಿದ್ದರೆ ಆ ಕಣ್ಣಿಗೆ ಅಪಾಯವಾಗಿದ್ದದ್ದು ನಾನೇ.

"ಲೆನ್ಸ್," ಎಂದರು ಮೇಡಂ. ಸಿಸ್ಟರ್ ಕೊಟ್ಟರು. ಮೇಡಂ ಬೆರಳುಗಳು ಮತ್ತೆ ಚಲಿಸಿದವು.

"ಆತೇನ್ರಿ ಬಾಯಾರ?"

"ಆತ ಅಜ್ಜಿ. ಕುಂತೈತಿ. ಚೊಲೋ ಕುಂತೈತಿ." ಮೇಡಂ ಕಣ್ಣು ತೆಗೆದು, ಬೆನ್ನು ನೇರ ಮಾಡಿ, ಯಂತ್ರದ ತಲೆಯನ್ನು ಮೇಲಕ್ಕೆ ದೂಡಿ ಪಕ್ಕಕ್ಕೆ ಸರಿಸಿದರು. ಅದರ ಜೊತೆಗೇ ನನ್ನ ಕೈಯೂ ಮೇಲೆ ಹೋಯಿತು. ಆಗ ಅವರು ನನ್ನನ್ನು ನೋಡಿದರು. "ಏನ್ರಿ ಇದು? ಕಂಬಕ್ಕ ಇನ್ನೊಂದು ಕಂಬ ನಿಂತಂಗ ನಿಂತೀರಿ."

ಅಜ್ಜಿಗೆ ಪಟ್ಟಿ ಕಟ್ಟಿ ಹೊರಗೆ ಕರೆದೊಯ್ಯುವವರೆಗೆ ತಡೆದು, ಮೇಡಂಗೆ ಎಲ್ಲವನ್ನೂ ಹೇಳಿದೆ. ಸ್ಕ್ರೂ, ಪೂಜೆ, ಇಲ್ಲದ ಕಿಟಕಿ. ಹೇಳುತ್ತಲೇ ಮುಚ್ಚಳ ತೆಗೆದು ಕೀ ಹಾಕಿದೆ. ತಿರುಗಿಸಿದೆ. ಅದು ಅಲುಗಲಿಲ್ಲ. ಇನ್ನೂ ಬಲ ಹಾಕಿದೆ. ಅಲುಗಲಿಲ್ಲ. ಎರಡೂ ಕೈಯಿಂದ ತೋಳನ್ನು ಕೆಳಗೆ ಜಗ್ಗಿದೆ. ತಡೆಗೆ ಬಂದು ಟಕ್ಕೆಂದು ನಿಂತಿತು. ಸ್ಕ್ರೂ ಬಿಗಿಯಾಗಿತ್ತು, ಎಷ್ಟು ಬಿಗಿ ಇರಬೇಕೋ ಅಷ್ಟೇ ಬಿಗಿ.

"ಅಕ್ಕಾ," ಸಿಸ್ಟರನ್ನು ಕೇಳಿದೆ, "ಅವತ್ತ ನೀವು ಹತ್ಯಾರ ಒಯ್ಯೂ ಮುಂದ ನಾ ಇನ್ನೊಂದು ಸ್ವಲ್ಪ ಕೆಲಸ ಐತಿ ಅಂದಿದ್ದೆ, ಹೌದಲ್ಲ?"

"ಅಂದ್ರಿ."

"ಮತ್ತ ಆ ಕೆಲಸ ನಾ ಯಾವಾಗ ಮಾಡ್ದೆ?"

"ನೀವು ಯಾವಾಗ್ಲೂ ಅದನ್ನ ಅಂತೀರಿ ಸರ್. ಕೆಲಸ ಮುಗದಿದ್ರೂ ಅಂತೀರಿ. ಚಹಾಕ್ಕ ಕರದ್ರೂ ಅಂತೀರಿ. ಬೈಕ ಹತ್ತೂ ಮುಂದನೂ ಒಮ್ಮೆ ಒಳಗ ಬಂದು ಅಂತೀರಿ."

ಮೇಡಂ ನಗಲಿಲ್ಲ. ಕೈಗವಸು ಕಳಚುತ್ತ ಹೇಳಿದರು. "ಮುಂದಿನ ಸಲ ಹಿಂಗ ಸಂಶೇ ಬಂದ್ರ ಬಾಗಲದಾಗ ನಿಂತು ನಿಲ್ಲಸ್ರಿ ಅನ್ರಿ. ಅಷ್ಟ ಸಾಕು. ಯಾಕ ಅಂತ ಕೇಳೂದಿಲ್ಲ, ನಿಲ್ಲಸ್ತೇನಿ. ನಿಮ್ಮ ಅಂಗೈ ನಂಬಿ ನಾನು ಆಪರೇಷನ್ ಮಾಡೂದಿಲ್ಲ." ಬಾಗಿಲ ಬಳಿ ಹೋಗಿ ತಿರುಗಿದರು. "ಬಂದದ್ದು ಚೊಲೋ ಆತು. ಹೇಳಿದ್ದು ಮಾತ್ರ ತಡಾತು."

ಹೊರಗೆ ಬೆಂಚಿನ ಮೇಲೆ ಅಜ್ಜಿ ಕಂಬಳಿ ಹೊದ್ದು ಕೂತಿದ್ದರು. ಕಾಣುವ ಒಂದು ಕಣ್ಣಿಗೂ ಪಟ್ಟಿ ಕಟ್ಟಿದ್ದರಿಂದ ಮರುದಿನದವರೆಗೆ ಅವರಿಗೆ ಪೂರ್ತಿ ಕತ್ತಲೆ. ಮಗ ಮಾತ್ರೆ ತರಲು ಹೋಗಿದ್ದ. ನಾನು ಸದ್ದಿಲ್ಲದೆ ಪಕ್ಕದಲ್ಲಿ ಕೂತೆ.

"ಒಳಗ ನನ್ನ ತಲಿ ಹಿಂದ ನಾಯಿಗತೆ ಏದತಿದ್ದಾಂವ ನೀನ ಏನು?" ಎಂದರು.

"ಹೆಂಗ ತಿಳೀತ್ರಿ?"

"ಈಗೂ ಏದಾಕತ್ತಿಯಲ್ಲ." ಅವರು ಗಾಳಿಯಲ್ಲಿ ತಡಕಾಡಿ ನನ್ನ ಕೈ ಹಿಡಿದರು. ಬಲಗೈಯೇ. "ಯಾಕ ಬಂದಿದ್ದಿ? ಮಷೀನ್ ಕೆಟ್ಟಿತ್ತೇನು?"

"ಇಲ್ರಿ. ಬರೋಬ್ಬರಿ ಇತ್ತು."

"ಬರೋಬ್ಬರಿ ಇದ್ದದ್ದನ್ನ ನೋಡಾಕ ಇಷ್ಟ ದೂರ ಬಂದಿ?"

ಉತ್ತರಕ್ಕೆ ಅಜ್ಜಿ ಕಾಯಲಿಲ್ಲ. ಸಂಜೆ ಹಟ್ಟಿಗೆ ಬಂದ ಕುರಿಗಳೆಲ್ಲ ಇವೆ ಎಂದು ಗೊತ್ತಿದ್ದೂ ಮತ್ತೊಮ್ಮೆ ಎದ್ದು ಹೋಗಿ ನೋಡುವವರನ್ನು ಅವರು ಕಂಡಿರಬೇಕು. ಮಗ ಬರುವವರೆಗೂ ನನ್ನ ಕೈ ಬಿಡಲಿಲ್ಲ.

ಬೈಕು ಹತ್ತಿದ ಮೇಲೆ ಇನ್ನೊಂದು ಯೋಚನೆ ಬಂತು. ಬೆರಳಿನಿಂದ ತಿರುಗಿಸಿ, ಆಮೇಲೆ ಬಿಗಿ ಮಾಡಿದರಾಯಿತು ಎಂದು ಬಿಟ್ಟ ಒಂದು ಸ್ಕ್ರೂ ನನ್ನ ನೆನಪಿನಲ್ಲಿ ಇತ್ತಲ್ಲ. ಅದು ಮೂಡಲಗಿಯದಲ್ಲ ಎಂದಾದರೆ ಯಾವ ಊರಿನದು? ಬರುವಾಗ ತಿರುಗಿಯೂ ನೋಡದೆ ದಾಟಿದ್ದ ಹುಕ್ಕೇರಿಯ ಆಸ್ಪತ್ರೆಯಲ್ಲಿ ಇಳಿದೆ. "ಕರದಿಲ್ಲಲ್ರಿ ನಿಮ್ಮನ್ನ," ಎಂದರು ಅಲ್ಲಿಯ ಕಾಂಪೌಂಡರ್. ಕೀ ಹಾಕಿ ನೋಡಿದೆ. ಬಿಗಿಯಾಗಿತ್ತು. ಉಳಿದದ್ದು ಗೋಕಾಕ. ಆದರೆ ಅದಕ್ಕೆ ಕಿಟಕಿಯ ಸಾಕ್ಷಿಯಿತ್ತು. ಆದರೂ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ಎದ್ದು ಗೋಕಾಕಕ್ಕೇ ಹೋದೆ.

ಕೋಣೆಯೊಳಗೆ ಕಾಲಿಟ್ಟು ಕಿಟಕಿಯ ಕಡೆ ನೋಡಿದೆ. ಎಡಗಡೆಯೇ ಇತ್ತು. ಆದರೆ ಗಾಜಿಗೆ ಮೇ‌ಲಿನಿಂದ ಕೆಳಗಿನವರೆಗೆ ಬಿಳಿ ಬಣ್ಣ ಬಳಿದಿತ್ತು. ಹಳೆಯ ಬಣ್ಣ. ಅಲ್ಲಲ್ಲಿ ಹಳದಿಗಟ್ಟಿ ಸಿಪ್ಪೆ ಎದ್ದಿತ್ತು. ಒಳಗಿನಿಂದ ಬೇವಿನ ಗಿಡ ಕಾಣುವುದು ಸಾಧ್ಯವೇ ಇರಲಿಲ್ಲ. ನೆರಳು ಬೀಳುವುದೂ ಸಾಧ್ಯವಿರಲಿಲ್ಲ. ಆ ಗಿಡದ ಕೆಳಗೆ ನಾನು ಬೈಕು ನಿಲ್ಲಿಸುತ್ತೇನೆ, ಅಷ್ಟೇ. ಅದನ್ನು ಒಳಗೆ ತಂದು ನೆಟ್ಟವನು ನಾನೇ.

ಅಲ್ಲಿ ನಿಂತಿರುವಾಗಲೇ ಫೋನು ಬಂತು. ಮೂಡಲಗಿಯ ಸಿಸ್ಟರ್. "ಪಟ್ಟಿ ಬಿಚ್ಚಿದ್ವಿ ಸರ್. ತಗೋರಿ, ನಿಮ್ಮ ಜೋಡಿ ಮಾತಾಡಬೇಕಂತ."

"ಏ ತಮ್ಮಾ," ಅಜ್ಜಿ ಫೋನು ಬೇಡವೆನ್ನುವಷ್ಟು ಗಟ್ಟಿಯಾಗಿ ಕೂಗಿದರು. "ಗ್ವಾಡಿ ಮ್ಯಾಲ ಹಲ್ಲಿ ಕಾಣಾಕತ್ತೈತಿ! ಈ ಸಿಸ್ಟರ್ ಇಷ್ಟ ಸಣ್ಣಾಕಿ ಅಂತ ತಿಳಿದಿದ್ದೆ, ಈಕೀನೂ ಮುದುಕಿ ಅದಾಳು!"

ಹಿಂದೆ ಸಿಸ್ಟರ್ ಏನೋ ಜಗಳ ತೆಗೆದದ್ದು ಕೇಳಿಸಿತು.

"ಹಂಗಂದ್ರ ಕುರಿ ಜೋಡಿ ಹೊಂಟ್ರಿ?"

"ಹೊಂಟೇನಿ. ಬಾಯಾರು ಧೂಳಾಗ ಒಂದು ತಿಂಗಳ ಬ್ಯಾಡ ಅಂದಾರ, ಹಿಂದಿಂದ ಹೋಗಿ ಕೂಡಕೋತೀನಿ. ನೀ ಎಲ್ಲಿ ಅದಿ? ನಿನ್ನ ಮಾರಿ ನೋಡಿಲ್ಲ ನಾ. ಬರೇ ಏದೂದು ಕೇಳೇನಿ. ಬಂದ ಹೋಗು."

ಫೋನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಚೀಲದಿಂದ ಸಣ್ಣ ಕೀ ತೆಗೆದೆ. ಅದರ ಮೇಲಿನ ಕುಂಕುಮ ನಿನ್ನೆಯೇ ನನ್ನ ಬೆರಳಿಗೆ ಹತ್ತಿ ಹೋಗಿತ್ತು. ಎದುರಿಗೆ ಗೋಕಾಕದ ಯಂತ್ರ ತನ್ನ ಪಾಡಿಗೆ ತಲೆ ತಗ್ಗಿಸಿ ನಿಂತಿತ್ತು.

"ಬರತೇನ್ರಿ ಅಜ್ಜಿ," ಎಂದೆ. "ಇಲ್ಲಿ ಇನ್ನೊಂದು ಸ್ವಲ್ಪ ಕೆಲಸ ಐತಿ."